ಮೂರನೇ ಓಣಿ, ಐದನೇ ಬಾಗಿಲು

ಲಾಧೂ ನಾಯಕ ಜೋರಾವರ್‌ಗಂಜ್ ಮಂಡಿಗೆ ಬಂದು ಎರಡು ತಿಂಗಳಾಗಿತ್ತು. ಈ ಎರಡು ತಿಂಗಳಲ್ಲಿ ಅವನು ತನ್ನ ಕೋಣೆಯ ದಾರಿ ತಪ್ಪದ ದಿನ ಒಂದೂ ಇರಲಿಲ್ಲ. ಈ ಮಾತನ್ನು ಅವನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಬಿಡುವುದಾದರೂ ಹೇಗೆ? ಅವನು ಖೋಜಿ, ಹೆಜ್ಜೆ ನೋಡಿ ಪತ್ತೆ ಹಚ್ಚುವವನು. ಕದ್ದೊಯ್ದ ಒಂಟೆಯ ಹೆಜ್ಜೆ ಹಿಡಿದು ಮೂರು ಹಗಲು ನಡೆದು, ಕಳ್ಳನ ಜಗಲಿಯ ಮೇಲೆ ಕೂತು ಅವನ ಹೆಂಡತಿಯ ಕೈಯಿಂದಲೇ ಕುಡಿಯಲು ನೀರು ತರಿಸಿಕೊಂಡವನು. ಬಿಕಾನೇರದ ಉತ್ತರದ ಮರಳಿನಲ್ಲಿ ಅವನ ಮಾತನ್ನು ಕಚೇರಿಯಲ್ಲೂ ಸಾಕ್ಷಿಯೆಂದು ಬರೆದುಕೊಳ್ಳುತ್ತಿದ್ದರು. ಅಂಥವನಿಗೆ ತಾನು ಮಲಗುವ ಕೋಣೆ ಸಿಗುವುದಿಲ್ಲ ಎಂದರೆ ಮಾನ ಉಳಿಯುತ್ತದೆಯೇ?

ತಪ್ಪು ಅವನದಲ್ಲ, ಊರಿನದು. ಕಾಲುವೆ ಬರುವ ಮುಂಚೆ ಅಲ್ಲಿ ಇದ್ದದ್ದು ನಾಲ್ಕಾರು ಮರಳುದಿಬ್ಬ, ಒಂದು ಬೋಳು ಖೇಜಡಿ ಮರ. ಲಾಧೂ ಆ ದಿಬ್ಬಗಳ ಮೇಲೆ ಎಷ್ಟೋ ಸಲ ಒಂಟೆ ಕೂರಿಸಿ ರೊಟ್ಟಿ ತಿಂದಿದ್ದ. ಯಾವನೋ ಎಂಜಿನಿಯರ್ ಸಾಹೇಬ ಕಾಗದದ ಮೇಲೆ ಪಟ್ಟಿ ಇಟ್ಟು ಗೆರೆ ಎಳೆದನಂತೆ. ಒಂಟೆಗಳಿಗೆ ಹಲಗೆ ಕಟ್ಟಿ ದಿಬ್ಬಗಳನ್ನು ಸಮ ಮಾಡಿಸಿದರು, ಗೆರೆಗಳೆಲ್ಲ ಬೀದಿಗಳಾದವು. ರೈಲು ನಿಲ್ದಾಣದ ಎದುರಿಗೆ ಧಾನ್ಯದ ಮಂಡಿ. ಅದರ ಹಿಂದೆ, ಜನ ಇರುವ ಭಾಗದ ನಟ್ಟನಡುವೆ, ಕಾಲುವೆಯ ನೀರು ತುಂಬುವ ಚಚ್ಚೌಕದ ಕೊಳ. ಎಲ್ಲರೂ ಅದನ್ನು ಡಿಗ್ಗಿ ಎನ್ನುತ್ತಿದ್ದರು. ಡಿಗ್ಗಿಗೆ ನಾಲ್ಕೂ ಕಡೆ ಮೆಟ್ಟಿಲು, ಮೆಟ್ಟಿಲ ತುದಿಗೆ ಒಂದೊಂದು ಬೇವಿನ ಸಸಿ, ಸಸಿಯ ಮುಂದಿನಿಂದ ಒಂದೊಂದು ಬೀದಿ. ಬೀದಿಗೆ ಓಣಿಗಳು, ಓಣಿಗೆ ಬಾಗಿಲುಗಳು. ಒಂದು ಕಡೆಯದನ್ನು ಮಡಿಸಿದರೆ ಇನ್ನೊಂದು ಕಡೆಯದರ ಮೇಲೆ ಕರಾರುವಾಕ್ಕಾಗಿ ಕೂರುವ ಹಾಗೆ. ದಿಬ್ಬವಿಲ್ಲ, ತಗ್ಗಿಲ್ಲ, ವಕ್ರವಾದ ಒಂದು ಮರವಿಲ್ಲ. ಕಣ್ಣು ಯಾವುದನ್ನು ಹಿಡಿದುಕೊಳ್ಳಬೇಕು?

ಮಾಘ ಮಾಸದ ಒಂದು ಬೆಳಿಗ್ಗೆ, ಎದುರಿಗೆ ನಿಂತವನ ಮೂಗು ಕಾಣದಷ್ಟು ಮಂಜು ಕವಿದಿತ್ತು. ಈ ಮಂಜು ಕೂಡ ಕಾಲುವೆಯ ಜೊತೆ ಬಂದದ್ದೇ. ಮರಳಿನ ಜನರಿಗೆ ಹೊಸದು. ಲಾಧೂ ಠಾಣೆಯ ಮುಂದೆ ಕಂಬಳಿ ಹೊದ್ದು ಬೆಂಕಿ ಕಾಯಿಸಿಕೊಳ್ಳುತ್ತಿದ್ದಾಗ ಬಡಗಿ ಭೀಂವಾರಾಮ ಏದುಸಿರು ಬಿಡುತ್ತ ಬಂದ.

"ಲಾಧೂ ಭಾಯಿ, ಏಳು, ಬೇಗ ಏಳು. ನಮ್ಮ ಸೊಸೆ ಕಾಣಿಸ್ತಿಲ್ಲ."

"ಯಾವಾಗಿಂದ?"

"ಬೆಳಕು ಹರಿಯೋ ಮುಂಚೆ ಕೊಡ ತಗೊಂಡು ಡಿಗ್ಗಿಗೆ ಹೋದಳು. ಇಷ್ಟು ಹೊತ್ತಾದ್ರೂ ಪತ್ತೆ ಇಲ್ಲ. ಹುಡುಗ ಮರ ತರೋಕೆ ಅಂತ ಊರಲ್ಲಿಲ್ಲ. ಇವಳು ನೋಡಿದ್ರೆ ಒಳಗೆ ಕೂತು ಊರು ಒಂದು ಮಾಡ್ತಿದ್ದಾಳೆ."

ಇವಳು ಅಂದರೆ ಭೀಂವಾರಾಮನ ಹೆಂಡತಿ ಜಮನಾ. ಅವಳ ದನಿ ಓಣಿಯ ಬಾಯಿಗೇ ಕೇಳಿಸುತ್ತಿತ್ತು.

"ಓಡಿ ಹೋದಳು ಕಣಪ್ಪಾ! ಮದುವೆಯಾಗಿ ಒಂಬತ್ತು ದಿನ ಆಗಿಲ್ಲ, ಓಡಿ ಹೋದಳು!" ಲಾಧೂವನ್ನು ಕಂಡದ್ದೇ ಅವಳು ಸೆರಗು ಮುಂದಕ್ಕೆಳೆದುಕೊಂಡು ಶುರುಮಾಡಿದಳು. "ನಾಲ್ಕು ದಿನ ಜೊತೆಗೇ ಹೋಗಿ ತೋರಿಸಿದ್ದೀನಿ. ಮೆಟ್ಟಿಲು ಹತ್ತು, ನೆಟ್ಟಗೆ ಹೋಗು, ಮೂರನೇ ಓಣಿ, ಎಡಕ್ಕೆ ತಿರುಗು, ಐದನೇ ಬಾಗಿಲು. ಇಷ್ಟು ಗೊತ್ತಾಗಲ್ವಾ? ಕೂಸಿಗೂ ಗೊತ್ತಾಗುತ್ತೆ!"

ತನಗೆ ಗೊತ್ತಾಗುವುದಿಲ್ಲ ಎಂದು ಲಾಧೂ ಹೇಳಲಿಲ್ಲ.

ಹುಡುಗಿಯ ಹೆಸರು ಧಾಪೂ, ಇಪ್ಪತ್ತರ ಆಸುಪಾಸು. ತವರು ನಾಲ್ಕು ದಿನದ ಒಂಟೆದಾರಿಯಾಚೆ, ದಿಬ್ಬಗಳ ನಡುವೆ ಹತ್ತು ಗುಡಿಸಲಿನ ಒಂದು ಹಳ್ಳಿ. ಲಾಧೂ ಅಂಗಳದಲ್ಲಿ ಅವಳ ಹೆಜ್ಜೆ ತೋರಿಸಿ ಎಂದ. ಒಲೆಯ ಬಳಿ ಒಂದು ಸಿಕ್ಕಿತು. ಕಿರಿದಾದ ಪಾದ, ಬೆರಳುಗಳನ್ನು ಅಗಲಿಸಿ ಮರಳನ್ನು ಹಿಡಿದು ನಡೆಯುವ ನಡಿಗೆ. ಎಡಗಾಲಿನ ಕಾಲುಂಗುರ ಸಡಿಲ. ಒಂದು ಬದಿಗೆ ವಾಲಿ ಅರ್ಧಚಂದ್ರದ ಗುರುತು ಬಿಡುತ್ತಿತ್ತು. ನೋಡಿದ ಕೂಡಲೇ ಅವನಿಗೆ ಧೈರ್ಯ ಬಂತು. ಮಂಜಿಗೆ ನೆನೆದ ಮರಳಿನಲ್ಲಿ ಇಂಥ ಹೆಜ್ಜೆಯನ್ನು ಹಿಡಿಯುವುದು ಯಾವ ಮಹಾ ಕೆಲಸ?

ಆ ಧೈರ್ಯ ಹೊಸ್ತಿಲು ದಾಟುವಷ್ಟರಲ್ಲಿ ಹೋಯಿತು. ಬಾಗಿಲಿನಿಂದ ಡಿಗ್ಗಿಯ ಕಡೆಗೆ ಹೋದ ಹೆಜ್ಜೆಗಳಿದ್ದವು, ಅದು ಸರಿ. ಆದರೆ ಅವುಗಳ ಮೇಲೆಯೇ ತುಳಿದುಕೊಂಡು ಬಾಗಿಲಿಗೆ ಬಂದ ಹೆಜ್ಜೆಗಳೂ ಇದ್ದವು. ಅದೇ ಅರ್ಧಚಂದ್ರ. ಹೊಸ್ತಿಲಿನ ಒಂದು ಮೊಳ ಈಚೆ ಎರಡು ಪಾದಗಳೂ ಜೋಡಿಯಾಗಿ ಆಳಕ್ಕೆ ಊರಿದ್ದವು. ಬಹಳ ಹೊತ್ತು ನಿಂತ ಗುರುತು. ಆಮೇಲೆ ಹಿಮ್ಮಡಿ ತಿರುಗಿಸಿ, ಬಂದ ದಾರಿಯಲ್ಲೇ ವಾಪಸು. ಬಾಗಿಲಿಗೆ ಬರುವಾಗಲೂ ತಲೆಯ ಮೇಲೆ ತುಂಬಿದ ಕೊಡದ ಭಾರ ಇರಲಿಲ್ಲ, ವಾಪಸು ಹೋಗುವಾಗಲೂ ಇರಲಿಲ್ಲ.

ಲಾಧೂ ಕಕ್ಕಾಬಿಕ್ಕಿಯಾದ. ಮನೆಯ ಬಾಗಿಲಿಗೆ ಬಂದವಳು ಒಳಗೆ ಬರದೆ ಹೋದದ್ದೇಕೆ? ಕೊಡ ಎಲ್ಲಿ? ಇದು ನಿನ್ನೆಯ ಹೆಜ್ಜೆಯೇನೋ ಎಂದು ಬಗ್ಗಿ ನೋಡಿದ. ಅಲ್ಲ, ಇವತ್ತಿನದೇ. ಅಂಚು ಇನ್ನೂ ಚೂಪಾಗಿತ್ತು.

"ಏನಾದ್ರೂ ಸಿಕ್ತಾ?" ಎಂದು ಭೀಂವಾರಾಮ ಹಿಂದಿನಿಂದ ಕೇಳಿದ.

"ನೋಡ್ತೀನಿ ತಡಿ," ಎಂದಷ್ಟೇ ಹೇಳಿ ಲಾಧೂ ಹೊರಟ.

ಹೆಜ್ಜೆಗಳು ಡಿಗ್ಗಿಯವರೆಗೆ ಚೆನ್ನಾಗಿಯೇ ಕರೆದುಕೊಂಡು ಹೋದವು. ಡಿಗ್ಗಿಯ ಸುತ್ತ ಇಟ್ಟಿಗೆ ಹಾಸು. ಅಲ್ಲಿ ಎಲ್ಲವೂ ಮಾಯ. ಹಾಸಿನ ಆಚೆ ನಾಲ್ಕೂ ಬದಿಯಲ್ಲಿ ಊರಿನ ಹೆಂಗಸರೆಲ್ಲ ತುಳಿದಿದ್ದರು, ಆಮೇಲೆ ಇಟ್ಟಿಗೆ ಹೊರುವ ಕತ್ತೆಗಳ ಹಿಂಡು ಹಾದುಹೋಗಿತ್ತು. ಲಾಧೂ ಬಗ್ಗಿದವನು ಬಗ್ಗಿದಂತೆಯೇ ಸುತ್ತಿದ. ಒಂದು ಕಡೆ ಅರ್ಧಚಂದ್ರದಂಥದ್ದು ಕಂಡಿತು, ಹಿಂಬಾಲಿಸಿದ, ಎಡಕ್ಕೆ ತಿರುಗಿದ, ಅದು ಕತ್ತೆಯ ಗೊರಸು ಎಂದು ಗೊತ್ತಾಗುವಷ್ಟರಲ್ಲಿ ಎರಡು ಓಣಿ ಒಳಗೆ ಹೋಗಿದ್ದ. ಸೂರ್ಯನಿಲ್ಲ, ನೆರಳಿಲ್ಲ. ಎದುರಿಗಿದ್ದ ಬಾಗಿಲನ್ನು ತಟ್ಟಿ, ಇಲ್ಲಿ ಯಾರಾದರೂ ಹೆಣ್ಣುಮಗಳು ಬಂದಳೇ ಎಂದು ಕೇಳೋಣವೆಂದು ಚಿಲಕ ಅಲ್ಲಾಡಿಸಿದ.

ಬಾಗಿಲು ತೆರೆದವಳು ಜಮನಾ.

"ಇದೇನು ಕಾಕಾ, ಇಲ್ಲೇ ಬಂದಿರಿ? ಸಿಕ್ಕಿದಳಾ?"

"ಇಲ್ಲ... ಹಾಗೇ, ಇನ್ನೊಂದು ಸಲ ಹೆಜ್ಜೆ ನೋಡೋಣ ಅಂತ," ಎಂದು ಲಾಧೂ ತೊದಲಿದ.

ಮತ್ತೆ ಹೊರಟ. ಈ ಸಲ ಓಣಿಗಳನ್ನು ಎಣಿಸಿಕೊಂಡೇ ಹೋದ. ಎಲ್ಲೋ ಒಂದು ಎಣಿಕೆ ತಪ್ಪಿತು. ಸ್ವಲ್ಪ ಹೊತ್ತಿನ ಮೇಲೆ ಮರಳಿನಲ್ಲಿ ಸ್ಪಷ್ಟವಾದ ಗಂಡಸಿನ ಹೆಜ್ಜೆ ಕಂಡಿತು. ಬಲಗಾಲು ಸ್ವಲ್ಪ ಎಳೆಯುವವನು, ವಯಸ್ಸಾದವನು, ದಾರಿ ತಿಳಿಯದೆ ಅತ್ತಿತ್ತ ಹೆಜ್ಜೆ ಹಾಕಿದವನು. ಯಾರಿವನು, ಹುಡುಗಿಯ ಬೆನ್ನು ಹತ್ತಿದವನೇ ಎಂದು ಕಾಲು ಚುರುಕು ಮಾಡಿದ. ಹತ್ತು ಮಾರು ಹಿಂಬಾಲಿಸಿದ ಮೇಲೆ ಅದು ತನ್ನದೇ ಹೆಜ್ಜೆ ಎಂದು ತಿಳಿಯಿತು. ಮೂವತ್ತು ವರ್ಷದಲ್ಲಿ ಅವನು ತನ್ನ ಹೆಜ್ಜೆಯನ್ನು ತಾನು ಗುರುತಿಸದೆ ಹೋದದ್ದು ಇದೇ ಮೊದಲು. ಆ ಹೆಜ್ಜೆಗಳು ಎಲ್ಲಿಗೆ ಹೋಗಿ ನಿಂತವೆಂದರೆ, ಪುನಃ ಜಮನಾಳ ಬಾಗಿಲಿಗೆ. ಒಳಗಿನಿಂದ ಅವಳ ದನಿ ಕೇಳಿಸಿತು: "ಖೋಜಿ ಅಂತೆ, ಖೋಜಿ! ನಮ್ಮನೇನೇ ಮೂರು ಸಲ ಹುಡುಕಿದ!"

ಲಾಧೂ ಡಿಗ್ಗಿಯ ಮೆಟ್ಟಿಲ ಮೇಲೆ ಹೋಗಿ ಕುಸಿದು ಕೂತ. ಕಾಲು ಸೋತಿತ್ತು, ಅದಕ್ಕಿಂತ ಹೆಚ್ಚಾಗಿ ತಲೆ ಸೋತಿತ್ತು. ಎದುರಿನ ದಡ ಮಂಜಿನಲ್ಲಿ ಕಾಣುತ್ತಿರಲಿಲ್ಲ. ಬಕೆಟ್ಟು ಮುಳುಗಿಸುವ ಸದ್ದು ಮಾತ್ರ ಕೇಳುತ್ತಿತ್ತು. ಎದ್ದು ಮನೆಗೆ ಹೋಗೋಣವೆಂದರೆ, ತಾನು ಯಾವ ಕಡೆಯ ಮೆಟ್ಟಿಲಿನಿಂದ ಇಳಿದೆ ಎಂಬುದೇ ಮರೆತಿತ್ತು. ನಾಲ್ಕು ಬೇವಿನ ಸಸಿಗಳಲ್ಲಿ ತನ್ನದು ಯಾವುದು?

ಆಗ ಅವನಿಗೆ ಹೊಳೆಯಿತು. ಹುಡುಗಿಗೂ ಹೀಗೇ ಆಗಿರಬೇಕು. ಅತ್ತೆ ಹೇಳಿಕೊಟ್ಟದ್ದನ್ನು ಅವಳು ಮರೆತಿಲ್ಲ, ಎಣಿಕೆಯೂ ತಪ್ಪಿಲ್ಲ. ನೀರು ತುಂಬಿಕೊಳ್ಳಲು ಮಂಜಿನಲ್ಲಿ ಇಟ್ಟಿಗೆ ಹಾಸಿನ ಮೇಲೆ ಸುತ್ತು ಹಾಕಿದ್ದಾಳೆ, ಬೇರೆ ಮೆಟ್ಟಿಲು ಹತ್ತಿದ್ದಾಳೆ, ಅಷ್ಟೇ. ಅಲ್ಲಿಂದ ಮುಂದೆ ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದಾಳೆ.

ಲಾಧೂ ನೆಲ ನೋಡುವುದನ್ನು ಬಿಟ್ಟ. ಮೊದಲ ಕಡೆಯ ಮೆಟ್ಟಿಲು ಹತ್ತಿ, ಮೂರನೇ ಓಣಿ, ಎಡಕ್ಕೆ, ಐದನೇ ಬಾಗಿಲಿಗೆ ಹೋದ. ಬಾಗಿಲಿಗೆ ದೊಡ್ಡ ಬೀಗ. ಯಾರೋ ಹತ್ತಿಯ ವ್ಯಾಪಾರಿಯ ಉಗ್ರಾಣ. ಎರಡನೆಯದರಿಂದ ಹೋದಾಗ ಐದನೆಯ ಬಾಗಿಲೇ ಇರಲಿಲ್ಲ, ಬರೀ ಪಾಯ ತೋಡಿದ್ದರು. ಮೂರನೆಯದರಿಂದ ಹೋದ. ಬಾಗಿಲು ಅರ್ಧ ತೆರೆದಿತ್ತು. ಹೊಸ್ತಿಲ ಮುಂದಿನ ಹಸಿ ಮರಳಿನಲ್ಲಿ ಅರ್ಧಚಂದ್ರ, ಪಕ್ಕದಲ್ಲಿ ಕೊಡ ಇಳಿಸಿದ ದುಂಡನೆಯ ಗುರುತು.

ಅವನು ಹೊರಗೇ ನಿಂತು ಕೆಮ್ಮಿದ.

"ಯಾರಪ್ಪಾ ಅದು? ಒಳಗೆ ಬಾ, ಇಲ್ಲಾ ಹೋಗು. ಬಾಗಿಲಲ್ಲಿ ನಿಂತು ಚಳಿ ಒಳಗೆ ಬಿಡಬೇಡ," ಎಂದಿತು ಒಳಗಿನಿಂದ ಒಂದು ಮುದಿ ದನಿ.

ಅದು ಈಶರ್ ಕೌರ್. ಊರಿನವರೆಲ್ಲ ಬೇಬೆ ಎಂದು ಕರೆಯುತ್ತಿದ್ದ ಪಂಜಾಬಿನ ಮುದುಕಿ. ಮಗ ಜಗೀರಾ ಮೂರು ಹರದಾರಿ ದೂರದ ಹೊಲದಲ್ಲಿದ್ದ, ನೀರಿನ ಸರದಿ ಬಂದಿತ್ತೆಂದು ಎರಡು ದಿನದಿಂದ ಬಂದಿರಲಿಲ್ಲ. ಮುದುಕಿ ಚಳಿಜ್ವರದಲ್ಲಿ ಮಂಚ ಹಿಡಿದಿದ್ದಳು. ಮಂಚದ ಪಕ್ಕದಲ್ಲಿ ಎದೆಯವರೆಗೆ ಮುಸುಕೆಳೆದ ಹುಡುಗಿ ಒದ್ದೆ ಬಟ್ಟೆ ಹಿಡಿದು ಕೂತಿದ್ದಳು. ಒಲೆ ಉರಿಯುತ್ತಿತ್ತು.

"ಮಗಾ, ಭಯ ಬೇಡ. ನಾನು ಲಾಧೂ, ನಿಮ್ಮ ಮನೆಯವರು ಕಳಿಸಿದ್ದು," ಎಂದ ಲಾಧೂ ಮುಖ ಆಚೆ ತಿರುಗಿಸಿಕೊಂಡು. "ನೀನು ಧಾಪೂ ತಾನೆ?"

ಮುಸುಕು ಹೌದೆಂದು ಅಲ್ಲಾಡಿತು.

"ಯಾರ ಮನೆ ಅಂತ ಕೇಳಿ ಕೇಳಿ ನನಗೆ ಜ್ವರ ಇನ್ನೂ ಏರಿತು," ಎಂದಳು ಬೇಬೆ. "ಗಂಡನ ಹೆಸರು ಹೇಳಲ್ಲ, ಮಾವನ ಹೆಸರು ಹೇಳಲ್ಲ. ಬಾಗಿಲು ಮಾಡೋರ ಮನೆ ಅಂತಾಳೆ. ಯಾವ ಬಾಗಿಲು ಅಂದ್ರೆ, ಇದೇ ಬಾಗಿಲು ಅಂತಾಳೆ! ಕಣ್ಣು ಕಾಣದ ನಾನು ಎಲ್ಲಿಗೆ ಕಳಿಸಲಿ? ನೀರು ತಂದಳು, ಗಂಜಿ ಕಾಯಿಸಿದಳು. ನಮ್ಮ ಜಗೀರನ ಹೆಂಡತಿ ಬದುಕಿದ್ದಾಗಲೂ ಇಷ್ಟು ಮಾಡಿರಲಿಲ್ಲ."

ನಡೆದದ್ದು ಇಷ್ಟೇ. ಕೊಡ ಹೊತ್ತು ಒಳಗೆ ಬಂದವಳು, ಮಂಚದ ಮೇಲೆ ನರಳುತ್ತಿದ್ದವಳನ್ನು ಅತ್ತೆಯೆಂದೇ ತಿಳಿದಿದ್ದಳು. ಒಂಬತ್ತು ದಿನದಲ್ಲಿ ಮುಸುಕಿನ ಸಂದಿಯಿಂದ ಅತ್ತೆಯ ಪಾದವನ್ನಲ್ಲದೆ ಮುಖವನ್ನು ನೆಟ್ಟಗೆ ನೋಡಿರಲಿಲ್ಲ. ಒಲೆ ಅದೇ ಮೂಲೆಯಲ್ಲಿತ್ತು, ಹಿಟ್ಟಿನ ಮಡಕೆ ಅದೇ ಗೂಡಿನಲ್ಲಿತ್ತು. ಮುದುಕಿ ಪಂಜಾಬಿಯಲ್ಲಿ ನೀರು ಕೇಳಿದ ಮೇಲೆಯೇ ಅವಳಿಗೆ ಇದು ಬೇರೆ ಮನೆ ಎಂದು ಗೊತ್ತಾದದ್ದು.

"ಬಾ ತಾಯಿ, ಮನೆಗೆ ಹೋಗೋಣ," ಎಂದ ಲಾಧೂ.

ಹುಡುಗಿ ಗೋಡೆಗೆ ಹೇಳುವಂತೆ ಮೆಲ್ಲಗೆ ಹೇಳಿದಳು: "ಈ ಮನೆಯವರು ಯಾರಾದ್ರೂ ಬರೋ ತನಕ ಹೇಗೆ ಬರಲಿ, ಬಾಬಾ? ಮೈ ಸುಡ್ತಾ ಇದೆ ಇವರದು."

ಲಾಧೂ ಒಬ್ಬನೇ ಹೊರಟ. ದಾರಿಯುದ್ದಕ್ಕೂ ಜಮನಾಳ ಬಾಗಿಲ ಮುಂದಿನ ಆ ಜೋಡಿ ಹೆಜ್ಜೆ ಅವನ ತಲೆ ಕೊರೆಯುತ್ತಿತ್ತು. ಹುಡುಗಿ ಬೇಬೆಯ ಮನೆಯಿಂದ ಹೊರಟು ತನ್ನ ಮನೆಯ ಬಾಗಿಲಿಗೆ ಬಂದಿದ್ದಾಳೆ, ನಿಂತಿದ್ದಾಳೆ, ವಾಪಸು ಹೋಗಿದ್ದಾಳೆ. ಇದನ್ನು ಏನೆಂದು ತಿಳಿಯುವುದು? ಮನೆ ಬೇಡವಾಗಿತ್ತೇ? ಅತ್ತೆಯ ದನಿ ಕೇಳಿ ಹೆದರಿದಳೇ? ಅವನಿಗೆ ಅರ್ಥವಾಗಲಿಲ್ಲ. ಜಮನಾ ಕೂಡ ದಿಬ್ಬದ ಕಡೆಯ ಹೆಣ್ಣು. ಸೊಸೆಯ ಕಾಲುಂಗುರದ ಗುರುತು ಅವಳ ಕಣ್ಣಿಗೆ ಬಿದ್ದರೆ ಹುಡುಗಿಯ ಕತೆ ಮುಗಿದಂತೆಯೇ. ಬಾಗಿಲಿಗೆ ಬಂದ ಲಾಧೂ ಅತ್ತಿತ್ತ ನೋಡಿದ. ಯಾರೂ ಇರಲಿಲ್ಲ. ಬಲಗಾಲಿನ ಜೋಡಿನಿಂದ ಆ ಎರಡು ಹೆಜ್ಜೆಗಳನ್ನು ಉಜ್ಜಿ ಅಳಿಸಿದ.

ಮರಳಿನ ಮೇಲೆ ಬಿದ್ದ ಹೆಜ್ಜೆಯನ್ನು ಅವನ ಅಪ್ಪನಾಗಲೀ ಅಜ್ಜನಾಗಲೀ ಎಂದೂ ಅಳಿಸಿದವರಲ್ಲ. ತಾನು ಒಳ್ಳೆಯದು ಮಾಡಿದೆನೋ ಕೆಟ್ಟದ್ದು ಮಾಡಿದೆನೋ ತಿಳಿಯದೆ ಚಿಲಕ ಬಡಿದ.

ಬೇಬೆಯ ಮನೆಗೆ ಜಮನಾ ಕಾಲಿಟ್ಟದ್ದೇ ತಡ, ಶುರುವಾಯಿತು. "ಪರರ ಮನೆಯಲ್ಲಿ ಒಲೆ ಹಚ್ಚಿ ಕೂತಿದ್ದೀಯಲ್ಲೇ! ನಾಳೆ ಬಿರಾದರಿಯವರು, ನಮ್ಮ ಕುಲದವರು ಕೇಳಿದ್ರೆ ಏನು ಹೇಳಲಿ? ಒಂಟೆ ಹೂಡಿಸ್ತೀನಿ, ಇವತ್ತೇ ತವರಿಗೆ ನಡಿ!"

"ಲೇ, ಮೆತ್ತಗೆ," ಎಂದಳು ಬೇಬೆ ಮಂಚದಿಂದಲೇ. "ಜ್ವರ ನನ್ನ ತಲೆಗೆ, ನಿನ್ನ ಬಾಯಿಗಲ್ಲ."

"ನೀವು ಸುಮ್ಮನಿರಿ ಬೇಬೆ! ಕಾಕಾ, ನೀವು ಹೇಳಿ. ಕಚೇರೀಲಿ ಸಾಕ್ಷಿ ಹೇಳೋ ಹಾಗೆ ಹೇಳಿ. ಇವಳು ದಾರಿ ತಪ್ಪಿ ಬಂದಳಾ, ಬೇಕಂತ ಬಂದಳಾ?"

ಎಲ್ಲರ ಕಣ್ಣೂ ಲಾಧೂವಿನ ಮೇಲೆ ನೆಟ್ಟವು. ಕೊನೆಗೆ, ಎರಡು ತಿಂಗಳಿನಿಂದ ಬಚ್ಚಿಟ್ಟುಕೊಂಡಿದ್ದನ್ನು ಹೇಳಿಬಿಟ್ಟ.

"ದಾರಿ ತಪ್ಪಿದ್ದಾಳೆ, ಜಮನಾ. ನಾನೇ ಇವತ್ತು ಮೂರು ಸಲ ತಪ್ಪಿದೆ. ಇವತ್ತೇನು, ದಿನಾ ತಪ್ಪುತ್ತೀನಿ. ನಿನ್ನೆ ಸಂಜೆ ಯಾರದೋ ಹಿತ್ತಿಲಲ್ಲಿ ಕಾಲು ತೊಳೆದುಕೊಂಡೆ. ನಾನು ಖೋಜಿ. ನನಗೇ ಈ ಗತಿ ಆದ್ರೆ ಹುಡುಗಿ ಏನು ಮಾಡ್ತಾಳೆ?"

ಜಮನಾ ಏನೋ ಹೇಳಲು ಹೊರಟಿದ್ದಳು; ಅಷ್ಟರಲ್ಲಿ ಅವಳ ಹಿಂದೆಯೇ ಬಂದ ಗಂಡನ ಕಡೆ ಎಲ್ಲರ ಗಮನ ಹೋಯಿತು. ಭೀಂವಾರಾಮ ಒಳಗೆ ಬಂದವನೇ ಹೆಗಲ ಕಂಬಳಿಯನ್ನು ತೆಗೆದು, ತಿರುಗಿ ನೋಡದೆ, ಬಾಗಿಲ ಹಿಂದಿನ ಗೂಟಕ್ಕೆ ನೇತುಹಾಕಿ, ಜೋಡು ಬಿಟ್ಟು, ಒಲೆಯ ಎಡಕ್ಕಿದ್ದ ಮಣೆಯ ಮೇಲೆ ಕೂತುಬಿಟ್ಟಿದ್ದ. ಅವನ ಮನೆಯಲ್ಲಿ ದಿನಾ ಕೂರುವ ಹಾಗೆಯೇ.

"ನೋಡು, ಇನ್ನೊಬ್ಬ ಬಂದ ತಪ್ಪಿಸಿಕೊಂಡು," ಎಂದಳು ಬೇಬೆ. "ಇವನಿಗೂ ಗಂಜಿ ಹಾಕು ಮಗಾ."

ಭೀಂವಾರಾಮ ನಾಚಿ ಎದ್ದು ನಿಂತ. ಆಮೇಲೆ ಬಾಗಿಲ ಹತ್ತಿರ ಹೋಗಿ ಹಲಗೆಯನ್ನು ಸವರಿದ. ಇನ್ನೂರ ನಲವತ್ತು ಬಾಗಿಲು, ಒಂದೇ ಅಳತೆ, ಒಂದೇ ಚಿಲಕ, ಒಂದೇ ಗೂಟ. ಎಲ್ಲವನ್ನೂ ಅವನೇ ಮಾಡಿದ್ದ. "ಇದು ನನ್ನದೇ ತಪ್ಪು ಕಣೇ," ಎಂದ. "ಸಾಹೇಬರು ಒಂದು ಕೂದಲೂ ಹೆಚ್ಚುಕಮ್ಮಿ ಆಗಬಾರದು ಅಂದಿದ್ರು. ನಾನು ಆಗಗೊಡಲಿಲ್ಲ."

ಜಮನಾ ಗೊಣಗುತ್ತಲೇ ಸೊಸೆಯ ಕೈಯಿಂದ ಒದ್ದೆ ಬಟ್ಟೆ ಕಿತ್ತುಕೊಂಡಳು. "ಹೀಗೆ ಹಿಂಡಿದ್ರೆ ಜ್ವರ ಇಳಿಯುತ್ತಾ? ಸರಿ ಆಚೆ." ಅವಳೇ ಮಂಚದ ಬಳಿ ಕೂತಳು. ಆಸ್ಪತ್ರೆಯಿಂದ ಜ್ವರದ ಮಾತ್ರೆ ತರಲು ಭೀಂವಾರಾಮ ಹೋದ. ಮಧ್ಯಾಹ್ನ ಕಳೆದು ಮಂಜು ಚದುರಿದ ಮೇಲೆ ಜಗೀರಾ ಹೊಲದಿಂದ ಬಂದು, ತನ್ನ ಮನೆಯಲ್ಲಿ ಇಷ್ಟೊಂದು ಜನರನ್ನು ಕಂಡು, ಬೇರೆ ಮನೆಗೆ ಬಂದೆನೆಂದು ಕ್ಷಮೆ ಕೇಳಿ ಹೊರಗೆ ಹೋದ. ಅವನನ್ನು ಕೂಗಿ ಕರೆಯಬೇಕಾಯಿತು.

ವಾರದ ಮೇಲೆ ಡಿಗ್ಗಿಯ ಬಳಿ ಧಾಪೂ ಒಬ್ಬಳೇ ಸಿಕ್ಕಳು. ಲಾಧೂ ನೀರಿನ ಕಡೆ ಮುಖ ಮಾಡಿ ನಿಂತು ಕೇಳಿದ.

"ಮಗಾ, ಒಂದು ಮಾತು. ಅವತ್ತು ನೀನು ನಿಮ್ಮನೆ ಬಾಗಿಲಿಗೆ ಬಂದಿದ್ದೆ. ನಾನು ಯಾರಿಗೂ ಹೇಳಿಲ್ಲ. ಯಾಕೆ ತಿರುಗಿ ಹೋದೆ?"

ಅವಳು ಕೊಡವನ್ನು ಕೆಳಗಿಳಿಸಿದಳು.

"ಅದು ನಮ್ಮನೆ ಬಾಗಿಲಾ, ಬಾಬಾ?" ಎಂದಳು. ಅವಳ ದನಿಯಲ್ಲಿದ್ದದ್ದು ನಿಜವಾದ ಬೆರಗು. "ನಮ್ಮನೆ ಥರಾನೇ ಇತ್ತು. ಮುಂಚೆ ಹೋದ ಮನೇನೂ ಹಾಗೇ ಇತ್ತಲ್ಲ? ಒಳಗೆ ಯಾರೋ ಕೂಗಾಡ್ತಿದ್ರು. ಅತ್ತೆ ಹಾಗೆ ಕೂಗಿದ್ದು ನಾನು ಕೇಳೇ ಇರಲಿಲ್ಲ. ಹೆದರಿಕೆ ಆಯ್ತು. ಇನ್ನೊಂದು ತಪ್ಪು ಮನೆಗೆ ಹೋಗಿ, ಒಳಗೆ ಗಂಡಸರಿದ್ರೆ? ಆಗಿನ್ನೂ ಕತ್ತೆಗಳು ಬಂದಿರಲಿಲ್ಲ, ನನ್ನ ಹೆಜ್ಜೆ ನೋಡ್ಕೊಂಡೇ ವಾಪಸು ಹೋದೆ. ಆ ಮನೇಲಾದ್ರೂ ಒಬ್ಬರು ಗೊತ್ತಿದ್ರು. ಈ ಊರಲ್ಲಿ ನಾನು ಮುಖ ನೋಡಿದ್ದು ಬೇಬೆದೊಂದೇ."

ಅವಳು ಕೊಡ ಎತ್ತಿಕೊಂಡು ಹೋದಳು. ಲಾಧೂ ನಿಂತೇ ಇದ್ದ. ಹಾಗಾದರೆ ಅಳಿಸಬೇಕಾದದ್ದು ಏನೂ ಇರಲಿಲ್ಲ. ಆದರೆ ಅಳಿಸದೆ ಬಿಟ್ಟಿದ್ದರೆ ಜಮನಾ ಈ ಮಾತನ್ನು ನಂಬುತ್ತಿದ್ದಳೇ? ಯೋಚಿಸಿದಷ್ಟೂ ಗೋಜಲಾಯಿತು. ಹೆಜ್ಜೆ ಎತ್ತ ಹೋಯಿತೆಂದು ಅವನು ಕಣ್ಣುಮುಚ್ಚಿ ಹೇಳಬಲ್ಲ. ಹೆಜ್ಜೆ ಇಟ್ಟವರ ಮನಸ್ಸಿನಲ್ಲಿ ಏನಿತ್ತೆಂದು ಇಷ್ಟು ವರ್ಷ ಕಚೇರಿಯಲ್ಲಿ ಎದೆ ತಟ್ಟಿ ಹೇಳಿದ್ದೆಲ್ಲ ಏನು? ಮುಂದಿನ ತಿಂಗಳು ಠಾಣೇದಾರ ಒಂದು ಕಳವಿನ ವಿಚಾರದಲ್ಲಿ ಕರೆಸಿದಾಗ, "ಎಲ್ಲಿಗೆ ಹೋದ ಅಂತ ತೋರಿಸ್ತೀನಿ ಹುಜೂರ್, ಯಾಕೆ ಹೋದ ಅಂತ ಅವನನ್ನೇ ಕೇಳಿ," ಎಂದುಬಿಟ್ಟ.

ಭೀಂವಾರಾಮ ಮಾತ್ರ ಸುಮ್ಮನೆ ಕೂರಲಿಲ್ಲ. ಹೋಳಿ ಮುಗಿದ ಮೇಲೆ ಉಳಿ ಹಿಡಿದು, ತನ್ನ ಬಾಗಿಲಿನ ಮೇಲೆ ಒಂದು ನವಿಲನ್ನು ಕೆತ್ತಿದ. ಕುತ್ತಿಗೆ ಬಾಗಿಸಿ ಹಾವು ಹಿಡಿದ ನವಿಲು. ಓವರ್‌ಸಿಯರ್ ಬಂದು, ನಕ್ಷೆಯಲ್ಲಿ ನವಿಲಿಲ್ಲ ಎಂದು ತಕರಾರು ಮಾಡಿದ. ಜಮನಾ ಹೊರಗೆ ಬಂದು, "ನಕ್ಷೇಲಿ ನನ್ನ ಸೊಸೆನೂ ಇರಲಿಲ್ಲ. ಏನೀಗ?" ಎಂದಳು. ಅವನು ಬರೆದುಕೊಂಡು ಹೋದ, ಮತ್ತೆ ಬರಲಿಲ್ಲ.

ನವಿಲನ್ನು ನೋಡಲು ನಾಲ್ಕೂ ಕಡೆಯ ಹೆಂಗಸರು ಬಂದರು. ನಮ್ಮ ಬಾಗಿಲಿಗೂ ಮಾಡಿಕೊಡಿ ಎಂದು ದುಂಬಾಲು ಬಿದ್ದರು. ನಿಮಗೆ ಗಿಣಿ ಮಾಡುತ್ತೇನೆ, ನಿಮಗೆ ಒಂಟೆ, ನಿಮಗೆ ಕಮಲ ಎಂದು ಭೀಂವಾರಾಮ ಎಷ್ಟು ಹೇಳಿದರೂ ಒಬ್ಬರೂ ಒಪ್ಪಲಿಲ್ಲ. ಎಲ್ಲರಿಗೂ ನವಿಲೇ ಬೇಕು, ಅದೂ ಹಾವು ಹಿಡಿದದ್ದೇ. ಆಷಾಢ ಬರುವ ಹೊತ್ತಿಗೆ ಅರವತ್ತು ಬಾಗಿಲಿನ ಮೇಲೆ ಅರವತ್ತು ನವಿಲು ಕೂತಿದ್ದವು.

ಬೇಬೆಯೊಬ್ಬಳು ಬೇರೆಯದನ್ನು ಕೇಳಿದಳು. ಕಣ್ಣು ಕಾಣದವಳಿಗೆ ನವಿಲು ಯಾಕೆ, ಕೈಗೆ ಸಿಗುವಂಥದ್ದು ಮಾಡು ಎಂದಳು. ಭೀಂವಾರಾಮ ಅವಳ ಬಾಗಿಲಿನ ಎದೆಯೆತ್ತರದಲ್ಲಿ ಒಂದು ಕೊಡವನ್ನು ಉಬ್ಬಾಗಿ ಕೆತ್ತಿಕೊಟ್ಟ. ಸಂಜೆ ಹೊತ್ತು ಧಾಪೂ ಗಂಜಿಯ ಪಾತ್ರೆ ಹಿಡಿದು ಆ ಕಡೆ ಹೋಗುವಾಗ, ನವಿಲುಗಳ ನಡುವೆ ನಿಂತು ತಲೆ ಕೆರೆದುಕೊಳ್ಳುತ್ತಿದ್ದ ಲಾಧೂವನ್ನು ಕಂಡರೆ, "ಈ ಕಡೆ ಬಾಬಾ, ನಿಮ್ಮ ಕೋಣೆ ಎರಡನೇ ಓಣಿ," ಎಂದು ಹೇಳಿ ಮುಂದೆ ಹೋಗುತ್ತಿದ್ದಳು.